ಶಿಫಾರಸು ಪತ್ರದ ರೂಪುರೇಷೆ

ಬರೆಯೋದಕ್ಕಿಂತ ಬರೆಯೋಕೆ ತಯಾರಾಗೋದೇ ದೊಡ್ಡ ಕೆಲಸ ಅಂತ ನಂಬಿದವರ ಕೈಕೆಳಗಿದ್ದರೆ ನಗುವಿಗೆ ಬರವಿಲ್ಲ. ನಾನು ಅಜ್ಜಂಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ಅಲ್ಲಿನ ಪ್ರಿನ್ಸಿಪಾಲರು ಅಂಥವರು. ಮೊದಲು ರೂಪುರೇಷೆ ತೋರಿಸದೆ ಯಾರೂ ಒಂದು ಸಾಲೂ ಬರೆಯುವಂತಿರಲಿಲ್ಲ.

ನನ್ನ ಮನೆ ಕಡೂರಿನಲ್ಲಿ. ದಿನಾ ಬೀರೂರಿನಲ್ಲಿ ಬಸ್ಸು ಬದಲಾಯಿಸಿ ಸೊಂಟ ಸೋತು, ನಮ್ಮದೇ ಸಂಸ್ಥೆಯ ಕಡೂರು ಕಾಲೇಜಿಗೆ ವರ್ಗ ಕೇಳಿದ್ದೆ. ಅದಕ್ಕೆ ಸಾರ್ ಅವರ ಶಿಫಾರಸು ಪತ್ರ ಬೇಕಿತ್ತು. "ಬರೆಯೋಣಮ್ಮ, ಮೊದ್ಲು ಪ್ಲಾನ್ ಆಗ್ಲಿ" ಅಂದರು. ಆಗ ಮಳೆಗಾಲ. ಬೇಸಿಗೆ ಬಂದರೂ ಪತ್ರ ಪೀಠಿಕೆ ದಾಟಿರಲಿಲ್ಲ.

ಅರ್ಧ ಬರೆದಂಗೆ

"ಪ್ಲಾನ್ ಮಾಡಿದ್ರೆ ಅರ್ಧ ಬರೆದಂಗೆ" ಅಂತ ಸಾರ್ ಮಕ್ಕಳಿಗೆಲ್ಲ ಭಾಷಣ ಬಿಗಿದರು. ಮಾರನೇ ವಾರ ಟೆಸ್ಟಿನಲ್ಲಿ 'ನಮ್ಮೂರ ಕೆರೆ' ಅಂತ ಪ್ರಬಂಧ ಕೊಟ್ಟೆ. ಬುಕ್ಕಾಂಬುಧಿಯ ಹುಡುಗಿಯೊಬ್ಬಳು ಬರೆದಿದ್ದಳು: 'ಪೀಠಿಕೆಯಲ್ಲಿ ಕೆರೆ ದೊಡ್ಡದು ಅಂತ ಹೇಳಬೇಕು. ನಡುವೆ ಎಷ್ಟು ದೊಡ್ಡದು ಅಂತ ಹೇಳಬೇಕು. ಉಪಸಂಹಾರದಲ್ಲಿ ನಿಜವಾಗಲೂ ದೊಡ್ಡದು ಅಂತ ಹೇಳಬೇಕು.'

"ಪ್ರಬಂಧ ಎಲ್ಲಮ್ಮ?" ಅಂದೆ.

"ಅರ್ಧ ಬರ್ದಿದೀನಲ್ಲ ಮಿಸ್. ಅರ್ಧ ಮಾರ್ಕ್ಸ್ ಕೊಡಿ."

ಜ್ವರದ ಜಾಗ

ಒಮ್ಮೆ ಜ್ವರ ಬಂತು. ಫೋನ್ ಮಾಡಿ ರಜೆ ಕೇಳಿದೆ. "ಅರ್ಜಿ ಪ್ಲಾನ್ ವಾಟ್ಸಾಪ್ ಮಾಡಮ್ಮ" ಅಂದರು. ಮಾಡಿದೆ.

"ಜ್ವರಾನ ಮೊದ್ಲನೇ ಸಾಲಿಗೇ ಹಾಕ್ಬಿಟ್ರೆ ಮುಂದೆ ಓದೋರಿಗೆ ಏನು ಉಳೀತು? ಮೈಕೈ ನೋವಿಂದ ಶುರು ಮಾಡು."

ತಿದ್ದಿ ಕಳಿಸಿದೆ. ಜ್ವರ ಯಾಕೆ ಬಂತು ಅನ್ನೋ ಹಿನ್ನೆಲೆ ಸಾಲದು ಅಂದರು. ಹಿನ್ನೆಲೆಗೆ ಒಪ್ಪಿಗೆ ಸಿಗುವ ಹೊತ್ತಿಗೆ ಜ್ವರ ಬಿಟ್ಟು, ನಾನು ಅವರ ಎದುರಿಗೇ ನಿಂತಿದ್ದೆ. ಸಾರ್ ಅರ್ಜಿ ನೋಡಿ ತಲೆದೂಗಿದರು.

"ಈಗ ಚೆನ್ನಾಗಿದೆ. ಮುಂದಿನ ಸಲ ಜ್ವರ ಬಂದಾಗ ಇದನ್ನೇ ಉಪಯೋಗಿಸು."

ಗುಣಗಾನ

ನನ್ನ ಪತ್ರ ಪೀಠಿಕೆಯಲ್ಲೇ ಇರುವಾಗ ಸಾರ್ ನಿವೃತ್ತಿಯ ದಿನ ಬಂತು. ಅವರನ್ನು ಹೊಗಳುವ ಕೆಲಸ ನನ್ನದು. ಬೆಳಿಗ್ಗೆಯೇ ಕರೆಸಿ ಭಾಷಣದ ರೂಪುರೇಷೆ ಕೇಳಿದರು. ಕೊಟ್ಟೆ. 'ಪೀಠಿಕೆ: ಎಲ್ಲರಿಗೂ ನಮಸ್ಕಾರ. ಸಾರ್ ಅವರ ಗುಣಗಳು: ಹುಡುಕಲಾಗುತ್ತಿದೆ. ಉಪಸಂಹಾರ: ಊಟಕ್ಕೆ ಪಾಯಸವಿದೆ.'

"ಗುಣ ಇನ್ನೂ ಸಿಕ್ಕಿಲ್ವೇನಮ್ಮ?"

"ಸಿಗುತ್ತೆ ಸಾರ್. ನನ್ನ ಪತ್ರ ಎಷ್ಟು ಮುಂದಕ್ಕೆ ಹೋಗಿದ್ಯೋ ಇದೂ ಅಷ್ಟೇ ಹೋಗಿದೆ."

ಹೊರಗೆ ಶಾಮಿಯಾನದಡಿ, ಅಂತರಘಟ್ಟೆಯಿಂದ ಬಂದ ಅವರ ಬೀಗರು ಮುಂದಿನ ಸಾಲಿನಲ್ಲೇ ಕೂತಿದ್ದರು. ಸಾರ್ ಕಿಟಕಿಯಿಂದ ಅವರನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ನು ತೆಗೆದರು. ಪ್ಲಾನೂ ಇಲ್ಲ, ಪೀಠಿಕೆಯೂ ಇಲ್ಲ. ಟೀ ಆರುವಷ್ಟರಲ್ಲಿ ಪತ್ರ ಲಕೋಟೆಯೊಳಗಿತ್ತು. ನಾನೂ ವೇದಿಕೆ ಹತ್ತಿ ಇದ್ದ ಗುಣ, ಇಲ್ಲದ ಗುಣ ಎಲ್ಲ ಸೇರಿಸಿ ಹೊಗಳಿದೆ. ಬೀಗರು ಕಣ್ಣೊರೆಸಿಕೊಂಡರು.

ವರ್ಗವೂ ಆಯಿತು. ಮೊದಲ ದಿನವೇ ಕಡೂರಿನ ಪ್ರಿನ್ಸಿಪಾಲ್ ಮೇಡಂ ಆ ಪತ್ರ ತೆಗೆದು ಗಟ್ಟಿಯಾಗಿ ಓದಿದರು: "'ರೂಪುರೇಷೆಯಿಲ್ಲದೆ ಇವರು ಒಂದಕ್ಷರವನ್ನೂ ಬರೆಯುವವರಲ್ಲ.' ಇಂಥವರೇ ಬೇಕಿತ್ತು ಕಣ್ರೀ ನನಗೆ. ಇಲ್ಲಿ ಎಲ್ರೂ ಸುಮ್ನೆ ಬರೆದ್ಬಿಡ್ತಾರೆ. ಇನ್ಮೇಲೆ ಎಲ್ಲರ ಪ್ಲಾನೂ ನೀವೇ ನೋಡ್ಬೇಕು."

ನನಗೆ ಆ ಕೆಲಸ ಬೇಡ, ಬೇಕಿದ್ದರೆ ಈಗಲೇ ಅರ್ಜಿ ಬರೆದು ಕೊಡುತ್ತೇನೆ ಅಂದೆ.

"ಧಾರಾಳವಾಗಿ ಕೊಡಿ" ಅಂದರು ಮೇಡಂ. "ರೂಪುರೇಷೆ ತಂದಿದೀರಾ?"