ಉಪೇಂದ್ರನ ಪರದೆ ಪರೀಕ್ಷೆ

ಉಪೇಂದ್ರ ಪ್ರೊಜೆಕ್ಟರ್ ಕೊಂಡಿದ್ದು ಹೋದ ವರ್ಷದ ಯುಗಾದಿಗೆ. ಇನ್ನೊಂದು ಯುಗಾದಿ ಕಳೆದರೂ ಅದಕ್ಕೆ ಪರದೆ ಆರಿಸಿರಲಿಲ್ಲ. ಸಿನಿಮಾಗಳೆಲ್ಲ ಊರಂಚಿನ ಸಿಂಗಾಪುರ ಬಡಾವಣೆಯ ಬಾಡಿಗೆ ಮನೆಯ ಹಾಲ್ ಗೋಡೆಯ ಮೇಲೇ ನಡೆದವು. ಗೋಡೆಯ ಮೇಲೆ ನೀರಿಳಿದ ಕಲೆಯೊಂದಿತ್ತು. ಯಾವ ನಾಯಕಿ ಬಂದರೂ ಕೆನ್ನೆಗೆ ಹುಳುಕಡ್ಡಿ ಹತ್ತಿದಂತೆ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ನಾಗಮಣಿ ಕಾಫಿ ಲೋಟ ಕುಕ್ಕಿದಳು. "ಸಂಜೆ ಬಡಗಿ ಬರ್ತಾನೆ. ಅಷ್ಟರೊಳಗೆ ಪರದೆ ಯಾವ್ದು ಅಂತ ಹೇಳಿ. ಇಲ್ದಿದ್ರೆ ಆ ಗೋಡೆಗೆ ನನ್ನ ಶೋಕೇಸ್."

ಉಪೇಂದ್ರನಿಗೆ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಪರೀಕ್ಷೆ ಮಾಡದೆ ಅವನು ಏನನ್ನೂ ಒಪ್ಪುವವನಲ್ಲ. ತಣಿಸಂದ್ರದ ಪರದೆ ಅಂಗಡಿಯ ಗುರುಚರಣ್, ಬಿಳಿ ಬಟ್ಟೆಯಲ್ಲಿ ಬೆಳಕು ಚೆನ್ನ, ಬೂದು ಬಟ್ಟೆಯಲ್ಲಿ ಕಪ್ಪು ಚೆನ್ನ ಎಂದು ಹೇಳಿ ಟವೆಲ್ಲಿನಷ್ಟು ಅಗಲದ ಎರಡು ತುಂಡು ಕೊಟ್ಟಿದ್ದ. ಅಂದಿನಿಂದ ಉಪೇಂದ್ರನ ಅಭಿಪ್ರಾಯ ಲಿಟ್ಮಸ್ ಕಾಗದದಂತೆ ಗಳಿಗೆಗೊಂದು ಬಣ್ಣಕ್ಕೆ ತಿರುಗುತ್ತಿತ್ತು.

ಬಿಸಿಲಿನಲ್ಲೊಮ್ಮೆ ನೋಡೋಣವೆಂದು ತುಂಡುಗಳನ್ನು ತಾರಸಿಯಲ್ಲಿ ಹಾಸಿ, ಪೆನ್ನು ತರಲು ಕೆಳಗಿಳಿದ. ಮೆಟ್ಟಿಲಲ್ಲಿ ಮನೆ ಮಾಲೀಕ ಮುನಿಶಾಮಪ್ಪ ಸಿಕ್ಕರು.

"ಗ್ವಾಡೆಗೆ ಸುಣ್ಣ ಒಡುದ್ರೆ ಆಗಾಕಿಲ್ವ ಸಾ? ನಮ್ ಕಾಲ್ದಾಗೆ ಟೆಂಟ್‌ನಾಗೆ ಪಂಚೆ ಕಟ್ಟಿ ತೋರ್ಸೋರು. ಬಣ್ಣ ಯಾವ್ದು ಅಂತ ಯಾರೂ ಕೇಳ್ಲಿಲ್ಲ."

ಬೆಳಕಿನ ಪ್ರತಿಫಲನವನ್ನು ಅವರಿಗೆ ವಿವರಿಸಿ ಮೇಲೆ ಬರುವಷ್ಟರಲ್ಲಿ ಬಿಳಿ ತುಂಡಿನ ಮೇಲೆ ಸಂಡಿಗೆಗಳು ಶಾಲೆಯ ಮಕ್ಕಳಂತೆ ಸಾಲುಗಟ್ಟಿ ಕೂತಿದ್ದವು. ಪಕ್ಕದಲ್ಲಿ ಹಿಟ್ಟಿನ ಪಾತ್ರೆ ಹಿಡಿದು ಮುನಿಶಾಮಪ್ಪನವರ ಹೆಂಡತಿ ರಾಮಲಕ್ಷ್ಮಮ್ಮ.

"ಅಮ್ಮಾ, ಅದು ಸ್ಕ್ರೀನು..."

"ಏನಾದ್ರೂ ಆಗ್ಲಿ ಕಣಪ್ಪ. ನಮ್ ತಾರಸಿ ಮ್ಯಾಗೆ ಬಿದ್ದಿತ್ತು, ಆಕ್ದೆ. ಆ ಇನ್ನೊಂದು ಮಾಸಿದಂಗೈತೆ, ಅದ್ಕೇ ಮುಟ್ಲಿಲ್ಲ."

ಹಸಿ ಸಂಡಿಗೆ ಕಿತ್ತರೆ ಬಟ್ಟೆ ಕೆಡುತ್ತದೋ, ಒಣಗಲು ಬಿಟ್ಟರೆ ಕೆಡುತ್ತದೋ ತಿಳಿಯಲಿಲ್ಲ. ಅದನ್ನು ಯೋಚಿಸುತ್ತಿದ್ದ ಹಾಗೆ ಅವು ಒಣಗಿಯೇಬಿಟ್ಟವು.

ಮಧ್ಯಾಹ್ನ ರಾಮಲಕ್ಷ್ಮಮ್ಮ ಬಟ್ಟೆಯ ಅಂಚು ಎತ್ತಿ ಒದರಿದರು. ಸಂಡಿಗೆಗಳು ತಾವಾಗಿಯೇ ಎದ್ದು ಮೊರಕ್ಕೆ ಬಿದ್ದವು. ಬಟ್ಟೆಯ ಮೇಲೆ ಒಂದು ಗುರುತೂ ಇಲ್ಲ.

"ಅಯ್ಯೋ, ಒಂದೂ ಮುರೀಲಿಲ್ವಲ್ಲೇ" ಎಂದರು ಪಕ್ಕದ ಮನೆಯ ಸುಬ್ಬಮ್ಮ, ಗೋಡೆಯಾಚೆಯಿಂದ. ಆಮೇಲೆ ಬಂದು ಬಟ್ಟೆಯ ಮೂಲೆಯಲ್ಲಿದ್ದ ಅಂಗಡಿಯ ನಂಬರಿನ ಫೋಟೊ ಹೊಡೆದುಕೊಂಡರು. ಇವರೂ ಹೋಮ್ ಥಿಯೇಟರ್ ಮಾಡಿಸುತ್ತಾರೆಂದು ಉಪೇಂದ್ರ ಹಿಗ್ಗಿದ.

ಅವನ ಗೊಂದಲವೂ ಅಲ್ಲಿಗೆ ಕಳಚಿತು. ಇಷ್ಟು ತಡೆದುಕೊಂಡ ಬಟ್ಟೆ ಇನ್ನೇನು ತಡೆಯಲಾರದು? ಬಿಳಿಯೇ ಸರಿ. ಆದರೂ ಸಂಜೆಯ ಬೆಳಕಿನಲ್ಲೊಮ್ಮೆ ನೋಡಿಬಿಡೋಣವೆಂದು ಸಂಜೆಯವರೆಗೆ ಕಾದು, ತಾರಸಿಯಿಂದಲೇ ಗುರುಚರಣ್‌ಗೆ ಫೋನು ಮಾಡಿದ.

"ಬಿಳಿ ಖಾಲಿ ಆಯ್ತಲ್ಲ ಸಾರ್. ಏನ್ ಸಮಾಚಾರ ನಿಮ್ಮ ಏರಿಯಾದಲ್ಲಿ? ಮಧ್ಯಾಹ್ನದಿಂದ ಬರೀ ಲೇಡೀಸ್ ಫೋನು. ಇಡೀ ಸುರುಳಿ ಹೋಯ್ತು."

"ಒಂದು ತುಂಡೂ ಇಲ್ವಾ?"

"ಕೊನೇದನ್ನ ನಿಮ್ಮನೆಯವರೇ ತಗೊಂಡ್ರಲ್ಲ. ನಾಗಮಣಿ ಮೇಡಂ. ಆಗ್ಲೇ ಕಳ್ಸಿದೀನಿ."

ಉಪೇಂದ್ರ ಫೋನು ಜೇಬಿಗಿಟ್ಟ. ಬಾಯಲ್ಲಿ ಶೋಕೇಸ್ ಎಂದರೂ ಅವಳ ಮನಸ್ಸಿನಲ್ಲಿದ್ದದ್ದು ಪರದೆಯೇ. ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದ.

ಹಾಲ್‌ನಲ್ಲಿ ಬಡಗಿ ಗೋಡೆ ಅಳೆಯುತ್ತಿದ್ದ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಒಂದು ತುದಿಯನ್ನು ರಾಮಲಕ್ಷ್ಮಮ್ಮ ಬಿಗಿಯಾಗಿ ಹಿಡಿದಿದ್ದರು. ಇನ್ನೊಂದು ತುದಿಯಲ್ಲಿ ಕತ್ತರಿ ಹಿಡಿದ ನಾಗಮಣಿ.

"ಬಂದ್ರಾ? ಹಪ್ಪಳಕ್ಕೆ ಅಂತ ತರಿಸ್ದೆ. ಅರ್ಧ ರಾಮಲಕ್ಷ್ಮಮ್ಮನೋರಿಗೆ. ಉದ್ದಕ್ಕೆ ಕತ್ತರಿಸ್ಲೋ, ಅಡ್ಡಕ್ಕೋ?"

ಉಪೇಂದ್ರ ಬಟ್ಟೆ ನೋಡಿದ, ಬಡಗಿಯನ್ನು ನೋಡಿದ. ಉದ್ದಕ್ಕೆ ಕತ್ತರಿಸಿದರೆ ಒಣಗಿಸಲು ಅನುಕೂಲ, ಅಡ್ಡಕ್ಕಾದರೆ ಮಡಚಿಡಲು...

"ಯೋಚ್ನೆ ಮಾಡಿ ಹೇಳ್ತೀನಿ" ಎಂದ.

ಅಷ್ಟರಲ್ಲಿ ಕತ್ತರಿ ಸರ್ರನೆ ಆ ತುದಿ ಮುಟ್ಟಿತ್ತು.