ಪೋರ್ಚುಗಲ್ಲಿನ ದ್ರಾಕ್ಷಿ ಬಳ್ಳಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮನುಷ್ಯನಿಗೆ ಒಂದು ವಾರದ ಪ್ರವಾಸ ಗೊತ್ತುಮಾಡುವುದು ಎಷ್ಟರ ಕೆಲಸ? ಒಂದು ಫೋನು, ಒಂದು ಅರ್ಜಿ, ನಾಲ್ಕು ಸಹಿ. ಹಾಗೆಂದೇ ನಾನು ನಂಬಿದ್ದೆ. ನಂಬಿ ಕೆಟ್ಟದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಯಾರ ಮೇಲೆ ಎಂದು ಕೇಳಬೇಡಿ. ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಬೀದರಿನ ಚಿದ್ರಿಯಲ್ಲಿರುವ ನಮ್ಮ ಓಣಿ ಸಾಲದು!

ಇದೆಲ್ಲ ಶುರುವಾದದ್ದು ನನ್ನ ಹೆಂಡತಿ ಮಹಾನಂದಾಳಿಂದ. ಅವಳು ಸಮುದ್ರ ನೋಡಿರಲಿಲ್ಲ. ಐವತ್ತಾರು ವರ್ಷಗಳಲ್ಲಿ ಅವಳು ಕಂಡ ಅತಿ ದೊಡ್ಡ ನೀರೆಂದರೆ ಕಾರಂಜಾ ಅಣೆಕಟ್ಟಿನ ಹಿನ್ನೀರು. ನಾನು ನಿವೃತ್ತನಾದ ಮರುದಿನ ರೊಟ್ಟಿ ಬಡಿಯುತ್ತ ಹೇಳಿದಳು.

"ರೀ, ಒಮ್ಮಿ ಗೋಕರ್ಣಕ್ಕ ಹೋಗಿ ಬರೋಣ್ರಿ. ಸಮುದ್ರದಾಗ ಕಾಲಿಟ್ಟು ಬರ್ತೇನಿ, ಅಷ್ಟೇ."

ಅವಳು ಕೇಳಿದ್ದು ಅಷ್ಟೇ! ಆವತ್ತೇ ಎರಡು ಟಿಕೆಟ್ ತೆಗೆಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಬಾಗಿಲಲ್ಲಿ ಕಾಶಿನಾಥ ಪ್ರತ್ಯಕ್ಷನಾದ.

ಕಾಶಿನಾಥ ನನ್ನ ಷಡ್ಡಕ, ಎಂದರೆ ಮಹಾನಂದಾಳ ತಂಗಿ ಸುಮಿತ್ರಾಳ ಗಂಡ. ಭಾಲ್ಕಿಯಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ. ಹೆಚ್ಚು ಚೀಲ ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ಸಿಂಗಾಪುರ ತೋರಿಸಲು ಕರೆದೊಯ್ದಾಗ ಇವನೂ ಹೋಗಿದ್ದ. ಹೋಗಿ ಇದ್ದದ್ದು ನಾಲ್ಕು ದಿನ. ಅದನ್ನು ಹೇಳುತ್ತಿರುವುದು ನಾಲ್ಕು ವರ್ಷದಿಂದ!

"ಗೋಕರ್ಣ ಏನ್ ಬಿಡ್ರಿ ಸರ್," ಎಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಇಂಗ್ಲಿಷ್ ಮಾಸ್ತರ್ ಆಗಿ ಒಮ್ಮಿನೂ ದೇಶ ದಾಟಿಲ್ಲಂದ್ರ ಮಂದಿ ಏನಂತಾರ? ನನಗ ಎಬಿಸಿಡಿ ಬರಂಗಿಲ್ಲ. ನಾನೇ ಹೋಗಿ ಬಂದೆ ನೋಡ್ರಿ."

ನನ್ನ ನೆತ್ತಿಗೆ ರಕ್ತ ಏರಿತು. "ಗೋಕರ್ಣ ರದ್ದು!" ಎಂದು ಘೋಷಿಸಿದೆ. "ನಾವು ಫಾರಿನ್ ಸಮುದ್ರಾನೇ ನೋಡ್ತೇವಿ!"

"ಸಮುದ್ರ ಎಲ್ಲಾ ಕಡಿ ಉಪ್ಪೇ ಇರ್ತದಲ್ರೀ," ಎಂದಳು ಮಹಾನಂದಾ.

"ನೀ ಸುಮ್ನಿರು!"

ವಾರದೊಳಗೆ ಕನ್ನಡ ಪತ್ರಿಕೆಯ ಮೂಲೆಯಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಪೋರ್ಚುಗಲ್ ದೇಶ, ಕಡಲ ತೀರದ ವೈನ್ ನಾಡು, ಏಳು ದಿನದ ಪ್ರವಾಸ. ನನಗೆ ಹಿಗ್ಗೋ ಹಿಗ್ಗು. ವೈನ್ ಎಂದರೆ ಇಂಗ್ಲಿಷಿನಲ್ಲಿ ದ್ರಾಕ್ಷಿ ಬಳ್ಳಿ. ಹೆಂಡತಿಗೆ ಸಮುದ್ರ, ನನಗೆ ದ್ರಾಕ್ಷಿ ತೋಟ! ಇನ್ನೊಂದು ವೈನೂ ಇದೆ, ಕುಡಿಯುವಂಥದ್ದು. ಇಂಗ್ಲಿಷಿನಲ್ಲಿ ಅದರ ಮೊದಲ ಅಕ್ಷರ ಬೇರೆ, ಅನ್ನುವಾಗ ತುಟಿಯ ಭಂಗಿ ಬೇರೆ. ಕನ್ನಡದಲ್ಲಿ ಬರೆದರೆ ಮಾತ್ರ ಎರಡೂ ಒಂದೇ. ಆ ಎರಡನೆಯ ವೈನ್ ನನ್ನ ತಲೆಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ನಾನು ನಮ್ಮ ಓಣಿಯ ವಚನ ಗೋಷ್ಠಿಯ ಕಾರ್ಯದರ್ಶಿ. ನಮ್ಮ ಮೂಲೆಯಲ್ಲಿ ತೆರೆಯಲಿದ್ದ ದಾರು ಅಂಗಡಿಯನ್ನು, ಎಂದರೆ ಹೆಂಡದ ಅಂಗಡಿಯನ್ನು, ತಡೆಯಲು ಮೂರು ದಿನ ರಸ್ತೆಯಲ್ಲಿ ಕೂತು ಗಂಟಲು ಹರಿದುಕೊಂಡವನು.

ಮಹಾನಂದಾ ಜಾಹೀರಾತು ಓದಿ ಕನ್ನಡಕ ತೆಗೆದಳು.

"ರೀ, ವೈನ್ ಅಂದ್ರ ಆ ವೈನ್ ಶಾಪಿನ ವೈನ್ ಅಲ್ಲೇನ್ರಿ?"

ನನಗೇ ಇಂಗ್ಲಿಷ್ ಕಲಿಸುವುದೇ! ಅವಳನ್ನು ಎದುರಿಗೆ ಕೂರಿಸಿ ಪಾಠ ಮಾಡಿದೆ.

"ಕೆಳತುಟಿ ಹಲ್ಲಿಗಿ ಹಚ್ಚು. ವೈನ್. ಇದು ಬಳ್ಳಿ. ಈಗ ತುಟಿ ಗುಂಡಗ ಮಾಡು. ವೈನ್. ಇದು ದಾರು. ಫರಕ್ ಗೊತ್ತಾತೇನು?"

"ಎರಡೂ ಒಂದೇ ಕೇಳಸ್ತಾವಲ್ರಿ."

"ನಿನಗ ಕಿವಿ ಬರೋಬ್ಬರಿ ಇಲ್ಲ!"

ಅವಳು ಎದ್ದು ಒಳಗೆ ಹೋದಳು. ಕೂಡಲೇ ಬೆಂಗಳೂರಿನ ಆ ಪ್ರವಾಸ ಕಂಪನಿಗೆ ಫೋನು ಹಚ್ಚಿದೆ. ಒಬ್ಬ ಹುಡುಗಿ ಸಕ್ಕರೆಯಂಥ ದನಿಯಲ್ಲಿ ಮಾತಾಡಿದಳು.

"ಮೇಡಂ, ಅಲ್ಲಿ ವೈನ್ ಚಲೋ ಅದಾವೇನ್ರಿ?"

"ವರ್ಲ್ಡ್ ಫೇಮಸ್ ಸರ್! ತೋಟದಲ್ಲೇ ಕೂತ್ಕೊಂಡು ಎಂಜಾಯ್ ಮಾಡಬಹುದು."

"ನಮಗ ಮುಂಜಾನಿಂದ ಸಂಜಿತನ ವೈನೇ ಬೇಕ್ರಿ. ಗುಡಿ, ಚರ್ಚು, ಮ್ಯೂಸಿಯಂ ಏನೂ ಬ್ಯಾಡ."

"ವಾವ್ ಸರ್! ಎಷ್ಟು ಜನ ಬರ್ತೀರಾ?"

"ನಾನು, ನಮ್ಮ ಮನಿಯವರು, ನಮ್ಮ ಅಕ್ಕ. ಅಕ್ಕಗ ಅರವತ್ತೆಂಟು. ಸಣ್ಣಾಕಿ ಇದ್ದಾಗಿಂದ ವೈನಿನ ತೆಳಗೇ ಬೆಳದಾಳ್ರಿ. ಆಕಿಗಿ ಏನರೆ ಸ್ಪೆಷಲ್ ಮಾಡ್ರಿ."

ನಮ್ಮ ಹುಟ್ಟೂರು ಔರಾದಿನ ಮನೆಯ ಹಿತ್ತಲಲ್ಲಿ ಹಿಂದೆ ಒಂದು ದ್ರಾಕ್ಷಿ ಚಪ್ಪರವಿತ್ತು. ನಾನು ಹೇಳಿದ್ದು ಅದನ್ನು! ಆ ಹುಡುಗಿ ಅಕ್ಕನ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ಬಹಳ ಗೌರವದಿಂದ, "ಖಂಡಿತ ಮಾಡ್ತೀವಿ ಸರ್," ಎಂದಳು.

ಅಕ್ಕನನ್ನು ಒಪ್ಪಿಸುವ ಮೊದಲೇ ಅವಳ ಹೆಸರು ಕೊಟ್ಟಾಗಿತ್ತು. ಮರುದಿನವೇ ಬಸ್ಸು ಹತ್ತಿ ಔರಾದಿಗೆ ಹೋದೆ. ಅಕ್ಕ ಶರಣಮ್ಮ ಅಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಬೆಳಗ್ಗೆ ಲಿಂಗಪೂಜೆ ಆಗದೆ ನೀರು ಕೂಡ ಮುಟ್ಟುವವಳಲ್ಲ. ಈಚೆಗೆ ಕಿವಿ ತುಸು ಮಂದ.

"ಅಕ್ಕಾ, ನಾವು ವೈನ್ ನಾಡಿಗಿ ಹೋಗ್ಲತ್ತೇವಿ. ನೀನೂ ಬಾ."

"ಯಾ ವೈನಿ ನಾಡಿಗಿ?"

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. "ವೈನಿ ಅಲ್ಲಕ್ಕಾ, ವೈನ್!"

"ನಮಗ ಅಣ್ಣನೇ ಇಲ್ಲ, ವೈನಿ ಎಲ್ಲಿಂದ ಬಂದ್ಳೋ ತಮ್ಮಾ?"

"ದ್ರಾಕ್ಷಿ ಬಳ್ಳಿ ಅಕ್ಕಾ! ದ್ರಾಕ್ಷಿ! ಸಮುದ್ರದ ದಂಡಿಗಿ ದ್ರಾಕ್ಷಿ ತೋಟ!" ಎಂದು ಒದರಿದೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

ದೂರದ ಊರು ಎಂದರೆ ಅಕ್ಕನಿಗೆ ಬೀದರು. "ಅಲ್ಲಿ ನನ್ನ ಪೂಜಾಕ್ಕ ಜಾಗಾ ಸಿಗ್ತದೇನು?"

"ದ್ರಾಕ್ಷಿ ಚಪ್ಪರದ ತೆಳಗೇ ಕೂತು ಮಾಡು!"

ಅವಳ ಮುಖ ಅರಳಿತು. ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅದೇ ನನಗೆ ಈಗಲೂ ಚುಚ್ಚುವುದು. ಮುಂದೆ ಅವಳು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದಳು, ಪ್ರಯಾಣಕ್ಕೆಂದು ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಕುಟ್ಟಿಸಿದಳು. ದ್ರಾಕ್ಷಿ ನೋಡಲು ಫಾರಿನ್ನಿಗೆ ಹೊರಟ ಸುದ್ದಿ ಔರಾದಿನ ಧಾನ್ಯದ ಅಡತಿ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಹಬ್ಬಿತು. ನಾನು ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರು, "ಅಕ್ಕಾರ ಯಾವಾಗ ಹೊರಡ್ತಾರ್ರಿ ಸರ್?" ಎನ್ನುವಷ್ಟು!

ಇಷ್ಟಕ್ಕೇ ನಿಲ್ಲಬಹುದಿತ್ತು. ನಿಂತರೆ ನಾನು ನಾನೇ ಹೇಗಾದೇನು? ನಮ್ಮ ವಚನ ಗೋಷ್ಠಿಯಲ್ಲಿ ನಾನೇ ಎದ್ದು ನಿಂತು, ಪೋರ್ಚುಗಲ್ಲಿನ ದ್ರಾಕ್ಷಿ ಬೆಳೆಗಾರರ ಕಾಯಕವನ್ನು ಅಧ್ಯಯನ ಮಾಡಿ ಬಂದು ಉಪನ್ಯಾಸ ಕೊಡುವುದಾಗಿ ಸಾರಿಬಿಟ್ಟೆ. ಸದಸ್ಯರು ಬಿಡುತ್ತಾರೆಯೇ? ಬರುವ ಭಾನುವಾರ ಮುಂಜಾನೆಯೇ ಬೀಳ್ಕೊಡುಗೆ ಸಮಾರಂಭ ಎಂದು ತೀರ್ಮಾನಿಸಿದರು.

ಆ ಭಾನುವಾರ ನನಗೆ ಹುಟ್ಟಿನಿಂದ ಇದ್ದ ಸಿಟ್ಟೆಲ್ಲ ಒಟ್ಟಿಗೆ ಬಂದಿತ್ತು. ಶಾಮಿಯಾನದವನು ತಡವಾಗಿ ಬಂದ. ಬ್ಯಾನರಿನಲ್ಲಿ ಪೋರ್ಚುಗಲ್ ಬದಲು ಪೋರಬಂದರ್ ಎಂದು ಬರೆದು ತಂದಿದ್ದರು. ಮೈಕು ಬಾಯಿ ಬಿಡಲೊಲ್ಲದು. ಅಷ್ಟರಲ್ಲಿ ಕೊರಿಯರಿನವನು ಪ್ರವಾಸ ಕಂಪನಿಯ ದಪ್ಪ ಲಕೋಟೆ ಕೈಗಿಟ್ಟು ಹೋದ. ಒಳಗೆ ಏಳು ದಿನದ ಕಾರ್ಯಕ್ರಮ ಪಟ್ಟಿ. ಹಿರಿಯ ಅತಿಥಿಗಳಿಗೆ ಅನುಕೂಲವಾಗಲೆಂದು ಅಚ್ಚ ಕನ್ನಡದಲ್ಲೇ ಮುದ್ರಿಸಿ ಕಳಿಸಿದ್ದರು!

ಓದಲು ನನಗೆ ಪುರುಸೊತ್ತೆಲ್ಲಿ? ಭಾಲ್ಕಿಯಿಂದ ಸುಮಿತ್ರಾಳ ಜೊತೆ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಕಾಶಿನಾಥನ ಕೈಗೆ ತುರುಕಿದೆ. "ನಿಂತು ಎಲ್ಲಾರಿಗೂ ಓದಿ ಹೇಳು. ನಿಮ್ಮ ಸಿಂಗಾಪುರದಾಗ ಇಂಥಾದ್ದು ಇತ್ತೇನು ನೋಡು!" ಎಂದು ಗದರಿಸಿ, ಮೈಕಿನ ವೈರು ಎಳೆದಾಡುತ್ತ ಕೂತೆ.

ಕಾಶಿನಾಥ ಓದತೊಡಗಿದ. "ಮೊದಲನೇ ದಿನ. ಸಮುದ್ರ ದರ್ಶನ. ಮುಂಜಾನೆ ಹನ್ನೊಂದಕ್ಕೆ ನೆಲಮಾಳಿಗೆಯಲ್ಲಿ ಆರು ಬಗೆಯ ಕೆಂಪು ವೈನ್..." ಅಲ್ಲಿಗೆ ನಿಲ್ಲಿಸಿದ. "ಸರ್, ಇದನ್ನ ಓದ್ಲೇನ್ರಿ?"

"ಓದೋ! ಜೋರಾಗಿ ಓದು!" ಎಂದೆ ವೈರು ಕಚ್ಚಿಕೊಂಡೇ.

"ಆರು ಬಗೆಯ ಕೆಂಪು ವೈನ್ ಸವಿಯುವುದು. ಮಧ್ಯಾಹ್ನ ಊಟದ ಜೊತೆ ಬಿಳಿ ವೈನ್. ಸಂಜೆ ಮತ್ತೊಮ್ಮೆ ಸಮುದ್ರ, ಮತ್ತೊಮ್ಮೆ ವೈನ್. ಎರಡನೇ ದಿನ..."

ಅದೇ ಗಳಿಗೆಯಲ್ಲಿ ಮೈಕು ಸರಿಹೋಯಿತು! ಮುಂದಿನ ಸಾಲು ಇಡೀ ಚಿದ್ರಿಗೆ ಕೇಳಿಸಿತು.

"ಎರಡನೇ ದಿನ. ಹಿರಿಯ ಅತಿಥಿ ಶ್ರೀಮತಿ ಶರಣಮ್ಮನವರಿಗೆ ವಿಶೇಷ ಗೌರವ. ಹಳೆಯ ಪೀಪಾಯಿಯಿಂದ ತೆಗೆದ ಮೊದಲ ಗ್ಲಾಸು ಅವರಿಗೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗೋಷ್ಠಿಯ ಅಧ್ಯಕ್ಷರು ಕೈಯಲ್ಲಿದ್ದ ಶಾಲನ್ನು ಮೆಲ್ಲಗೆ ಮಡಚಿ ತಟ್ಟೆಯೊಳಗೆ ಇಟ್ಟರು. ಸಮಾರಂಭಕ್ಕೆಂದೇ ಔರಾದಿನಿಂದ ಬಂದು, ಬಿಳಿ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಎದ್ದು ನಿಂತಳು.

"ತಮ್ಮಾ, ಪೀಪಾಯಿದಾಗ ಏನಿರ್ತದೋ?"

ನಾನು ಮತ್ತೆ ವೈರಿನ ಮೇಲೆ ಬಗ್ಗಿದೆ. ಉತ್ತರ ಅವಳಿಗೂ ಗೊತ್ತಾಗಿತ್ತು.

"ಅದರಾಗ ನನ್ನ ಹೆಸರು ಹಾಕ್ಸೀದೇನು?" ಎಂದಳು. ಸೆರಗನ್ನು ತಲೆತುಂಬ ಹೊದ್ದು ಹೊರಗೆ ನಡೆದಳು. ಮಹಾನಂದಾ ಅವಳ ಹಿಂದೆ ಓಡಿದಳು. ಹಿಂದೆಯೇ ಸುಮಿತ್ರಾ.

ಆಗ ನಾನೂ ಓಡಬೇಕಿತ್ತು. ಓಡಲಿಲ್ಲ. ಸಿಟ್ಟು ಬಿಡಬೇಕಲ್ಲ! ಅಷ್ಟೂ ಜನರ ನಡುವೆ ಫೋನು ತೆಗೆದು, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ, ಬೆಂಗಳೂರಿನ ಹುಡುಗಿಯ ಮೇಲೆ ಹರಿಹಾಯ್ದೆ.

"ಏನ್ ತಿಳ್ಕೊಂಡೀರಿ ನೀವು? ನಾವು ಶರಣ ಮಂದಿ! ನಾ ಕೇಳಿದ್ದು ಬಳ್ಳಿ ವೈನ್, ದಾರು ವೈನ್ ಅಲ್ಲ! ಖರೆ ಸುಳ್ಳು ಇಲ್ಲೇ ಆಗ್ಲಿ!"

"ಸರ್, ನಮ್ಮಲ್ಲಿ ಫೋನ್ ಕಾಲ್ ರೆಕಾರ್ಡ್ ಆಗಿರುತ್ತೆ ಸರ್. ಕೇಳಿಸ್ಲಾ?"

"ಕೇಳಸ್ರಿ! ಎಲ್ಲಾರೂ ಕೇಳ್ಲಿ!"

ಕೇಳಿಸಿದಳು. ಎಲ್ಲರೂ ಕೇಳಿದರು. 'ನಮಗ ಮುಂಜಾನಿಂದ ಸಂಜಿತನ ವೈನೇ ಬೇಕ್ರಿ. ಗುಡಿ, ಚರ್ಚು, ಮ್ಯೂಸಿಯಂ ಏನೂ ಬ್ಯಾಡ.' ಸ್ಪಷ್ಟವಾಗಿ, ಗಟ್ಟಿಯಾಗಿ, ನನ್ನದೇ ದನಿ. ಆ ವೈನಿನಲ್ಲಿ ಕೆಳತುಟಿ ಹಲ್ಲಿಗೆ ತಾಗಿತ್ತೋ, ತುಟಿ ಗುಂಡಗಾಗಿತ್ತೋ ಎಂದು ನಾನೂ ಕಿವಿಗೊಟ್ಟೆ. ಹೇಳಿದವನಿಗೇ ತಿಳಿಯಲಿಲ್ಲ! ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಏನು ಕಲಿಸಿದೆನೋ, ಆ ಮಕ್ಕಳು ಈಗ ಎಲ್ಲೆಲ್ಲಿ ಏನೇನು ಕೇಳಿ ಪಡೆಯುತ್ತಿದ್ದಾರೋ!

"ಪ್ರವಾಸ ರದ್ದು!" ಎಂದು ಕಿರುಚಿ ಫೋನು ಕಟ್ ಮಾಡಿದೆ. ಕಾಶಿನಾಥ ಹತ್ತಿರ ಬಂದು, "ಸರ್, ಅಕ್ಕಾರು ಬಸ್ ಸ್ಟ್ಯಾಂಡಿಗಿ ಹೋದ್ರು. ಕೂಡ್ರಿ ಗಾಡಿ ಮ್ಯಾಲ," ಎಂದ. ಅವನ ಬೈಕಿನ ಹಿಂದೆ ಕೂತು ಹೋಗಬೇಕಾಗಿ ಬಂದದ್ದಕ್ಕೂ ನನಗೆ ಸಿಟ್ಟಿದೆ.

ಬಸ್ ಸ್ಟ್ಯಾಂಡಿನಲ್ಲಿ ಔರಾದಿನ ಬಸ್ಸು ಬಂದಿರಲಿಲ್ಲ. ಮೂವರೂ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕನ ಕಣ್ಣು ಕೆಂಪಗಾಗಿದ್ದವು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಹೊರಗೆ ಬಂದ ಮಾತೇ ಬೇರೆ.

"ಹೇಳದೆ ಕೇಳದೆ ಹಿಂಗ ಎದ್ದು ಬಂದ್ರ ಹ್ಯಾಂಗಕ್ಕಾ? ನನ್ನ ಮರ್ಯಾದಿ ಏನಾಗಬೇಕು?"

ಅಕ್ಕ ನನ್ನನ್ನೇ ನೋಡಿದಳು. "ಸಣ್ಣಾಂವ ಇದ್ದಾಗಿಂದ ನೀ ಹಿಂಗೇ ನೋಡು. ತಪ್ಪು ನಿಂದಿದ್ರ ದನಿ ಮ್ಯಾಲ ಹೋಗ್ತದ. ಔರಾದಿಗಿ ಹೋಗಿ ಮಂದೀಗಿ ನಾ ಏನ್ ಹೇಳ್ಲಿ? ಅದನ್ನರೆ ಹೇಳು."

ಮಹಾನಂದಾ ನನ್ನತ್ತ ತಿರುಗಲೂ ಇಲ್ಲ. ಅಕ್ಕನ ಮೊಣಕಾಲ ಮೇಲೆ ಕೈಯಿಟ್ಟು ಕೇಳಿದಳು.

"ಅಕ್ಕಾರ, ಗೋಕರ್ಣಕ್ಕ ಹೋಗೋಣೇನ್ರಿ? ಸಮುದ್ರ ನೋಡಿ ಬಂದೆವಂತ ಹೇಳಿದ್ರಾತು."

"ಅಲ್ಲಿ ಏನ್ ಕುಡಸ್ತಾರ?"

"ಎಳನೀರು ರೀ."

"ಹಂಗಾದ್ರ ನಡಿ."

"ನಾನೂ ಬರ್ತೇನಿ," ಎಂದಳು ಸುಮಿತ್ರಾ.

"ಟಿಕೆಟ್ ನಾ ತೆಗಸ್ತೇನ್ರಿ," ಎಂದ ಕಾಶಿನಾಥ. ಎರಡು ನಿಮಿಷ! ನಾನು ಎರಡು ತಿಂಗಳಿಂದ ಹೆಣಗಿದ್ದನ್ನು ಆ ಕಟ್ಟೆಯ ಮೇಲೆ ಎರಡು ನಿಮಿಷದಲ್ಲಿ ಮುಗಿಸಿಬಿಟ್ಟರು!

"ನಾ ಅಂತೂ ಬರಂಗಿಲ್ಲ!" ಎಂದು ಗುಡುಗಿದೆ. ಮೂವರೂ ಸೇರಿ ಬನ್ನಿ ಬನ್ನಿ ಎಂದು ಕೈ ಹಿಡಿಯುತ್ತಾರೆ, ನಾನು ಮೂರು ಸಲ ಒಲ್ಲೆನೆಂದು ನಾಲ್ಕನೆಯ ಸಲ ಒಪ್ಪಬೇಕು ಎಂದು ಲೆಕ್ಕ ಹಾಕಿದ್ದೆ.

"ಆಯ್ತು ಬಿಡ್ರಿ," ಎಂದಳು ಮಹಾನಂದಾ. "ತುಳಸಿಗಿ ದಿನಾ ನೀರ್ ಹಾಕ್ರಿ."

ಹೋದರು. ನಿಜವಾಗಿಯೂ ಹೋದರು! ರೈಲು, ಬಸ್ಸು ಬದಲಿಸಿಕೊಂಡು ಮೂವರು ಹೆಂಗಸರೇ ಗೋಕರ್ಣ ಮುಟ್ಟಿದರು. ನಾನು ಮನೆಯಲ್ಲಿ ಅನ್ನ ಸೀಯಿಸಿಕೊಂಡು, ಗೋಷ್ಠಿಯವರು ಎದುರಾದರೆ ಓಣಿ ಬದಲಿಸಿಕೊಂಡು ದಿನ ದೂಡಿದೆ.

ಮೂರನೆಯ ದಿನ ಮುಂಜಾನೆ ಫೋನು ಬಂತು. ಮಹಾನಂದಾ ಏನೋ ಹೇಳುತ್ತಿದ್ದಳು. ಹಿಂದೆ ಭೋರ್ ಎಂಬ ಸದ್ದು.

"ಕೇಳಸ್ಲತ್ತದೇನ್ರಿ? ಸಮುದ್ರ ರೀ ಇದು! ಎಷ್ಟ್ ದೊಡ್ಡದದ ಅಂತೀರಿ! ದಂಡೀನೇ ಇಲ್ಲ ಇದಕ್ಕ!"

ಅಷ್ಟು ಸಂತೋಷದ ದನಿಯನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಚಲೋ ಆಯ್ತು, ನೋಡು, ಎನ್ನಬಹುದಿತ್ತು. "ಅದಿರ್ಲಿ, ಯಾವಾಗ ಬರ್ತೀರಿ ಹೇಳು!" ಎಂದು ಗದರಿದೆ.

"ಅಕ್ಕಾರು ನೀರಿನಿಂದ ಹೊರಗೇ ಬರವಲ್ರು. ಅವರು ಬಂದ ಮ್ಯಾಲ ನೋಡೋಣ್ರಿ."

ಸಿಟ್ಟಿನಿಂದ ಫೋನು ಕಟ್ ಮಾಡಿದೆ. ಐದು ನಿಮಿಷ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದೆ. ಆಮೇಲೆ, ಇನ್ನೊಂದು ಸಲ ಆ ಸದ್ದು ಕೇಳೋಣವೆಂದು ನಾನೇ ಫೋನು ಹಚ್ಚಿದೆ. ಮಾತಾಡುವುದಿಲ್ಲ, ಬರೀ ಕೇಳುತ್ತೇನೆ ಎಂದು ತೀರ್ಮಾನಿಸಿದ್ದೆ.

ಗಂಟೆ ಬಡಿಯಿತು, ಬಡಿಯಿತು, ನಿಂತಿತು. ಯಾರೂ ಎತ್ತಲಿಲ್ಲ. ಮೂವರೂ ನೀರಿಗೆ ಇಳಿದಿದ್ದರಂತೆ!