ಕಲ್ಯಾಣಪ್ಪನ ಟವೆಲ್ಲು

ಕಲ್ಯಾಣಪ್ಪ ಮಾಡಿದ ತಪ್ಪು ಒಂದೇ. ಸೀಟು ಹಿಡಿಯಲು ಎಲ್ಲರೂ ಕರ್ಚೀಫು ತಂದಿದ್ದ ಸಭಾಂಗಣಕ್ಕೆ ಅವನು ಸ್ನಾನದ ಟವೆಲ್ಲು ತಂದಿದ್ದ.

ತೆಲುಗು ಸೀಮೆಯ ನಾರಾಯಣಗೂಡದ ಕನ್ನಡಿಗರು ಹುಬ್ಬಳ್ಳಿಯ ಹಳೆಯ 'ಮುಂಗೋಳಿ' ಬ್ಯಾಂಡನ್ನು ಕರೆಸಿದ್ದರು. ಕಲ್ಯಾಣಪ್ಪನ ಮದುವೆಯಲ್ಲಿ 'ಕಿಟಕಿ' ಹಾಡು ಹಾಡಿದವರು ಅವರೇ. ಹೋದ ವರ್ಷ ಮದುವೆಯ ವಾರ್ಷಿಕೋತ್ಸವವನ್ನೇ ಮರೆತು ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತಿದ್ದಕ್ಕೆ ಹೆಂಡತಿ ಶಿವದೇವಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಈಗ ಅವಳು ಹೆರಿಗೆಗೆಂದು ಗುಲಬರ್ಗಾದ ತವರಿನಲ್ಲಿದ್ದಳು. ಇವತ್ತು ಮತ್ತೆ ಮದುವೆಯ ದಿನ. ಹೊಸ ಮೊಬೈಲಿನಲ್ಲಿ 'ಕಿಟಕಿ' ಕೇಳಿಸುತ್ತೇನೆಂದು ಮಾತು ಕೊಟ್ಟಿದ್ದ. ಇದೂ ತಪ್ಪಿದರೆ ಅವನಿಗೆ ಉಳಿಗಾಲವಿರಲಿಲ್ಲ.

ಲಿಂಗಂಪಲ್ಲಿಯಿಂದ ಮಧ್ಯಾಹ್ನವೇ ಲೋಕಲ್ ರೈಲು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಟವೆಲ್ಲು ಹಾಸಿದ. ಅದು ಪಕ್ಕದ ಕುರ್ಚಿಗಳಿಗೂ ಹಬ್ಬಿತು.

"ನಮಗೂ ಜಾಗಾ ಹಿಡಿದೀರಲ್ರೀ, ಭಾಳ ಚಲೋ ಆತು" ಎನ್ನುತ್ತ ನೆರೆಮನೆಯ ಕೃಷ್ಣಾಬಾಯಿ ಸಂಸಾರಸಮೇತ ಬಂದು ಕೂತರು.

ಬ್ಯಾಂಡಿನ ಹಿರಿಯ ಗಾಯಕ ಚನ್ನಬಸಪ್ಪ ಮೈಕು ಹಿಡಿದು, "ಮೊದಲ ಒಂದ್ ಹೊಸಾ ಹಾಡು" ಎಂದರು. ಹೊಸ ಹಾಡೆಂದರೆ ಎಲ್ಲರಿಗೂ ಹೊರಗೆ ಹೋಗಿ ಮಿರ್ಚಿ ಭಜಿ ತಿನ್ನುವ ಹೊತ್ತು. ಸಭೆಗೆ ಸಭೆಯೇ ಎದ್ದಿತು.

"ಕಲ್ಯಾಣಪ್ಪಾರ, ನಮ್ಮ ಜಾಗಾ ನೋಡ್ಕೋರಿ" ಎಂದು ಕೃಷ್ಣಾಬಾಯಿ ತಮ್ಮ ಚೀಲವನ್ನು ಅವನ ತೊಡೆಯ ಮೇಲಿಟ್ಟರು. ಹಿಂದೆ ಕೂತಿದ್ದ ಆಫೀಸಿನ ಗಗನ, ಬೆಂಗಳೂರಿನವನು, "ಸರ್, ಹಾಗೇ ನಮ್ಮ ಸಾಲನ್ನೂ ನೋಡ್ಕೊಂಡ್ಬಿಡಿ" ಎಂದು ಓಡಿದ.

ಹಳೆ ಹಾಡು ಶುರುವಾದರೆ ಎಲ್ಲರೂ ಒಳಗೆ, ಹೊಸದು ಬಂದರೆ ಎಲ್ಲರೂ ಹೊರಗೆ. ಕಲ್ಯಾಣಪ್ಪನಿಗೆ ಬಾತ್ರೂಮಿಗೆ ಹೋಗಲೂ ಬಿಡುವಿಲ್ಲ. ಯಾರೋ ಬಂದು ಕೂರಲು ನೋಡಿದರು.

"ಮನುಷುಲುನ್ನಾರಂಡಿ" ಎಂದು, ಇಲ್ಲಿ ಜನ ಇದ್ದಾರೆಂದು ತೆಲುಗಿನಲ್ಲಿ ತಡೆದ.

"ಎಕ್ಕಡುನ್ನಾರು?" ಎಲ್ಲಿದ್ದಾರೆಂದು ಅವರು ಖಾಲಿ ಕುರ್ಚಿ ನೋಡಿದರು.

"ಭಜೀ ದಗ್ಗರ." ಭಜಿಯ ಹತ್ತಿರ ಎಂದು ಬಾಗಿಲು ತೋರಿಸಿದ.

ಈ ಕಾವಲಿನಲ್ಲಿ ಒಂದು ಹೊಸ ಹಾಡೂ ಅವನ ತಲೆಗೆ ಹೋಗಲಿಲ್ಲ.

ಕಡೆಗೂ ಕೊನೆಯ ಹಾಡು ಬಂತು. 'ಕಿಟಕಿ'ಗಾಗಿ ಜನರೆಲ್ಲ ಒಳಗೆ ಬಂದು ಕೂತರು. ಕಲ್ಯಾಣಪ್ಪ ಫೋನು ಹಚ್ಚಿ, "ಕೇಳು, ಈಗ ಬರ್ತೈತಿ" ಎಂದ.

ಚನ್ನಬಸಪ್ಪ ವಾದ್ಯಗಳನ್ನು ನಿಲ್ಲಿಸಿದರು. "ಹೊಸಾ ಹಾಡು ಅಂದ್ರ ಎಲ್ಲಾ ಊರಾಗೂ ಮಂದಿ ಎದ್ದು ಹೋಗ್ತಾರ. ಇವತ್ತ ಒಬ್ಬರು ಒಂದೂ ಬಿಡದಂಗ ಕುಂತು ಕೇಳ್ಯಾರ. ಟವೆಲ್ಲಿನವರು ಮ್ಯಾಲ ಬರ್ರಿ."

ಶಾಲು ಹೊದಿಸಿದರು. ಮುದುಕನ ಕಣ್ಣು ಒದ್ದೆಯಾಗಿತ್ತು. "ಖರೇ ಹೇಳ್ರಿ, ನಮ್ಮ ಹೊಸಾ ಹಾಡು ಹೆಂಗ ಅದಾವು?"

ಕಲ್ಯಾಣಪ್ಪ ಆ ಕಣ್ಣು ನೋಡಿದ. ಪಾಪ ಅನ್ನಿಸಿತು. "ಭಾಳ ಚಲೋ ಅದಾವ್ರಿ" ಎಂದ.

"ಹಂಗಾರ ಇವತ್ತ 'ಕಿಟಕಿ' ಬ್ಯಾಡ. ಇವರ ಸಲುವಾಗಿ ಮೊದಲಿನ ಹೊಸಾ ಹಾಡು ಇನ್ನೊಮ್ಮೆ."

ಹಾಡು ಶುರುವಾಯಿತು. ಕಲ್ಯಾಣಪ್ಪ ಕೆಳಗಿಳಿದು ಕೂತು, ಇನ್ನೂ ಕಡಿಯದ ಫೋನು ಕಿವಿಗಿಟ್ಟ.

"ಇದ್ಯಾವ ಹಾಡ್ರೀ? ಹೋದ ವರ್ಷ ದಿನಾ ಮರತ್ರಿ, ಈ ವರ್ಷ ಹಾಡೂ ಮರತ್ರೇನು?" ಶಿವದೇವಿ ಫೋನು ಇಟ್ಟುಬಿಟ್ಟಳು.

ಕೃಷ್ಣಾಬಾಯಿ ಆಗಲೇ ಎದ್ದು, ಅವನ ತೊಡೆಗೆ ಇಳಿಬಿದ್ದ ಶಾಲಿನ ಮೇಲೆ ಚೀಲ ಇಟ್ಟರು. "ಕುಂತಿರ್ರಿ. ನಿಮಗಂತೂ ಹೊಸಾ ಹಾಡಂದ್ರ ಜೀವ."